ತಕಾವಿ ಎಮ್ಮೆಯ ಸೋಮವಾರ

ತಕಾವಿ ಎಂಬ ಎಮ್ಮೆ ಸೋಮವಾರ ಬೆಳಕು ಹರಿಯುವಷ್ಟರಲ್ಲಿ ಸರ್ಕಾರದ ಹುಕುಮನ್ನು ಬುಡದವರೆಗೆ ಮೇಯ್ದು ಮುಗಿಸಿ, ಬದುವಿನ ಮೇಲೆ ನಿಂತು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

ತಪ್ಪು ಎಮ್ಮೆಯದಲ್ಲ, ಹಗ್ಗದ್ದು. ಸರಿಯಾಗಿ ನೋಡಿದರೆ ಹಗ್ಗದ್ದೂ ಅಲ್ಲ, ಹೆಮ್ಮಿಗೆಯ ಶಿವಮಲ್ಲಪ್ಪನದು. ಸರ್ಕಾರದ ಸಾಹೇಬರು ನೋಡಲು ಬರುವ ದಿನ ಎಮ್ಮೆ ಲಕ್ಷಣವಾಗಿರಲಿ ಎಂದು ಹಿಂದಿನ ಸಂಜೆ ಅದರ ಮೈ ತೊಳೆದು, ಎಣ್ಣೆ ತಿಕ್ಕಿ, ಮಾಸಿದ ಹಳೆಯ ಹಗ್ಗ ಬಿಚ್ಚಿ ಹೊಸ ಕತ್ತದ ಹಗ್ಗ ಕಟ್ಟಿದ್ದ. ಹೊಸ ಕತ್ತದ ಹಗ್ಗ ಹೊಸ ಅಳಿಯನ ಹಾಗೆ, ಯಾರು ಎಷ್ಟು ಹೇಳಿದರೂ ಬಗ್ಗುವುದಿಲ್ಲ. ಅದರಲ್ಲಿ ಹಾಕಿದ ಗಂಟು ಕೋಳಿ ಕೂಗುವ ಹೊತ್ತಿಗೆ ತಾನಾಗಿ ಬಿಚ್ಚಿಕೊಂಡಿತು.

ಈ ಬದುವಿನ ವಿಚಾರ ಸ್ವಲ್ಪ ಹೇಳಬೇಕು. ಹೋದ ವರ್ಷ ಮಹಾರಾಜರ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತ್ತು. ಮಳೆ ಬಂದಾಗಲೆಲ್ಲ ಇಳಿಜಾರು ಹೊಲಗಳ ಒಳ್ಳೆಯ ಮಣ್ಣು ಕೊಚ್ಚಿಕೊಂಡು ಕಾವೇರಿಗೆ ಹೋಗುತ್ತದೆ. ಕಾವೇರಿ ಅದನ್ನು ಹೊತ್ತುಕೊಂಡು ಹೋಗಿ ಮದರಾಸಿನವರಿಗೆ ಕೊಡುತ್ತದೆ. ಮದರಾಸಿನವರು ಇವತ್ತಿನವರೆಗೆ ಒಂದು ಬುಟ್ಟಿ ಮಣ್ಣನ್ನೂ ವಾಪಸು ಕಳಿಸಿಲ್ಲ. ಆದ್ದರಿಂದ, ಹೊಲಕ್ಕೆ ಅಡ್ಡಲಾಗಿ ಮಣ್ಣಿನ ಬದು ಹಾಕಿ ಅದರ ಮೇಲೆ ಹುಲ್ಲು ಬೆಳೆಸುವ ರೈತನಿಗೆ ತಕಾವಿ, ಅಂದರೆ ಬೇಸಾಯದ ಸರ್ಕಾರಿ ಸಾಲದಲ್ಲಿ ಒಂದು ಹಾಲು ಕರೆಯುವ ಎಮ್ಮೆ ಕೊಡಿಸುವುದೆಂದು ಹುಕುಂ ಆಯಿತು. ಕರಾರು ಒಂದೇ. ಹುಲ್ಲಿನ ಬೇರು ಮಣ್ಣನ್ನು ಭದ್ರವಾಗಿ ಹಿಡಿಯುವವರೆಗೆ, ಅಂದರೆ ಒಂದು ವರ್ಷ, ಅದಕ್ಕೆ ಯಾವ ದನವೂ ಬಾಯಿ ಹಾಕಕೂಡದು. ವರ್ಷ ತುಂಬಿದ ಮೇಲೆ ಸಾಹೇಬರು ಬಂದು ನೋಡುತ್ತಾರೆ. ಹುಲ್ಲಿದ್ದರೆ ಎಮ್ಮೆ ರೈತನ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಎಮ್ಮೆ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ.

ಎಮ್ಮೆಯನ್ನೂ ಕೊಟ್ಟು, ಹುಲ್ಲನ್ನೂ ಬೆಳೆಸಲು ಹೇಳಿ, ಎರಡನ್ನೂ ಒಂದಕ್ಕೊಂದು ತೋರಿಸಬೇಡ ಎನ್ನುವುದು ಸರ್ಕಾರಕ್ಕೆ ಮಾತ್ರ ಹೊಳೆಯುವಂಥ ಉಪಾಯ. ಆದರೂ ಶಿವಮಲ್ಲಪ್ಪ ಬದುವಿನ ಸುತ್ತ ಮುಳ್ಳುಬೇಲಿ ಹಾಕಿ ವರ್ಷವೆಲ್ಲ ಕಾದಿದ್ದ. ನಂಜನಗೂಡಿನ ಸಂತೆಯಿಂದ ಬಂದ ಆ ಒಂದು ಸೊಟ್ಟ ಕೊಂಬಿನ ಎಮ್ಮೆಗೆ ಊರಿನವರು ತಕಾವಿ ಎಂದೇ ಹೆಸರಿಟ್ಟರು. ಅದು ಬಂದ ಮೇಲೆ ಅವನ ಹೆಂಡತಿ ಚನ್ನಾಜಮ್ಮನ ಮೊಸರಿಗೆ ತಲಕಾಡಿನಲ್ಲಿ ಹೆಸರು ಬಂತು. ದೇವರ ದರ್ಶನಕ್ಕೆ ಬಂದವರು ಮೊದಲು ಚನ್ನಾಜಮ್ಮನ ಗಡಿಗೆ ಎಲ್ಲಿದೆ ಎಂದು ಕೇಳಿ, ಆಮೇಲೆ ದೇವಸ್ಥಾನ ಎಲ್ಲಿದೆ ಎಂದು ಕೇಳುತ್ತಿದ್ದರು. ಎಮ್ಮೆ ಹೋದರೆ ಗಡಿಗೆ ಬೋರಲು.

ಆ ಬೆಳಗ್ಗೆ ಚನ್ನಾಜಮ್ಮ ಹೊಸ್ತಿಲಲ್ಲಿ ನಿಂತು ಗಂಡನನ್ನು ಎಬ್ಬಿಸಿದಳು. ದನಿ ಏರಿಸಲಿಲ್ಲ.

"ಏಳಿ. ನಿಮ್ಮೆಮ್ಮೆ ನಿಮ್ ಬದುನ ತಿಂದಾಕ್ಬುಟ್ಟದೆ."

ಹಾಲು ಕರೆದ ದಿನ ಅದು ನಮ್ಮೆಮ್ಮೆ. ಇಂಥದ್ದೇನಾದರೂ ಮಾಡಿದ ದಿನ ನಿಮ್ಮೆಮ್ಮೆ.

"ಎಷ್ಟು ತಿಂದದೆ?"

"ಬೇಲಿ ಬುಟ್ಟದೆ."

ಶಿವಮಲ್ಲಪ್ಪ ಓಡಿ ಹೋಗಿ ನೋಡಿದ. ಮುಳ್ಳುಬೇಲಿಯಲ್ಲಿ ಒಂದು ಎಮ್ಮೆ ನುಗ್ಗುವಷ್ಟು ಅಗಲದ ಕಿಂಡಿ ಬಿದ್ದಿತ್ತು. ಬದು ಆಗತಾನೇ ಮುಡಿ ಕೊಟ್ಟು ಬಂದ ತಲೆಯ ಹಾಗೆ ನುಣ್ಣಗಿತ್ತು. ತಕಾವಿಯ ಹೊಟ್ಟೆ ಎರಡು ಕಡೆಗೂ ಗುಡಾಣ ಕಟ್ಟಿದಂತೆ ಉಬ್ಬಿತ್ತು. ಅದು ಶಿವಮಲ್ಲಪ್ಪನ ಕಡೆ ತಿರುಗಿ, ಒಂದು ವರ್ಷದಲ್ಲಿ ಮೊದಲ ಸಲ, ಉಪಕಾರ ಸ್ಮರಣೆ ತುಂಬಿದ ಕಣ್ಣಿನಿಂದ ನೋಡಿತು.

ಅಷ್ಟರಲ್ಲಿ ಎದುರುಮನೆಯ ಗುರುಮಲ್ಲಪ್ಪ ಹಲ್ಲುಜ್ಜುವ ಬೇವಿನ ಕಡ್ಡಿ ಸಮೇತ ಬಂದು ನಿಂತ. ಗುರುಮಲ್ಲಪ್ಪ ಯಾರದೋ ಪಾಲಿನ ದಾವೆಗೆ ಸಾಕ್ಷಿಯಾಗಿ ಮೈಸೂರಿನ ಕೋರ್ಟಿಗೆ ಎರಡು ಸಲ ಹೋಗಿ, ಎರಡು ಸಲವೂ ವಾಯಿದೆ ಬಿದ್ದು, ಬಾಯಿ ತೆರೆಯದೆ ವಾಪಸು ಬಂದವನು. ಅಂದಿನಿಂದ ಊರಿನಲ್ಲಿ ಕಾನೂನು ಎಂದರೆ ಅವನೇ. ಕೋರ್ಟಿನಲ್ಲಿ ಆಡಲಾಗದೆ ಉಳಿದ ಮಾತೆಲ್ಲ ಅವನ ಹೊಟ್ಟೆಯಲ್ಲಿ ಹಾಗೇ ಇತ್ತು.

"ಏನ್ಲಾ ಶಿವಮಲ್ಲ, ಬದಿನ ಉಲ್ಲೆಲ್ಲಿ?"

"ಎಮ್ಮೆ ಒಳಗದೆ ಕಣಣ್ಣ."

"ಸಾಯೇಬ್ರು ಯಾವಾಗ ಬತ್ತಾರಂತೆ?"

"ಮದ್ಯಾನಕ್ಕೆ ಅಂತ ತಳವಾರ ಏಳ್ಬುಟ್ಟು ಓದ. ಇದ್ದದ್ ಇದ್ದಂಗೆ ಏಳ್ಬುಡಾನ ಅಂತ ಅವ್ನಿ. ಅಗ್ಗ ಬಿಚ್ಕೊತು, ಎಮ್ಮೆ ತಿಂತು, ತೆಪ್ಪಾಯ್ತು ಅಂತ."

ಗುರುಮಲ್ಲಪ್ಪ ಕಡ್ಡಿಯನ್ನು ಬಾಯಿಂದ ತೆಗೆದ.

"ನಿಜ ಏಳ್ಬೇಕು ಅಂದ್ರೆ ಸಾಕ್ಷಿ ಬೇಕು ಕಣ್ಲಾ. ಎಮ್ಮೆ ಅಗ್ಗ ಬಿಚ್ಕೊಂಡುದ್ನ ನೋಡ್ದೋರು ಯಾರವ್ರೆ? ಯಾರೂ ಇಲ್ಲ. ಅದೇ ಸುಳ್ಳು ಏಳು, ಇಡೀ ಊರೇ ನಿನ್ ಬೆನ್ನಿಂದೆ ಅದೆ."

ಈ ಮಾತಿನಲ್ಲಿದ್ದ ಅಭಿಮಾನಕ್ಕೆ ಶಿವಮಲ್ಲಪ್ಪನ ಕಣ್ಣು ಒದ್ದೆಯಾಯಿತು.

"ಉಲ್ಲು ಬೆಳ್ಯಕೆ ವರ್ಸ ಬೇಕು," ಗುರುಮಲ್ಲಪ್ಪ ಮುಂದುವರಿಸಿದ. "ಉಲ್ಲು ತರಕೆ ಗಾಡಿ ಸಾಕು. ರುದ್ರಮ್ಮನ ಬದು ಅದೆಯಲ್ಲ, ಅದ್ರ ಉಲ್ಲ ಮಣ್ಣು ಸಮೇತ ಎಬ್ಬುಸ್ಕೊ ಬಂದು ಇಲ್ಲಿ ಆಸ್ಬುಟ್ರೆ ಮುಗೀತು. ಸಾಯೇಬ್ರೇನು ಉಲ್ಲುನ ಎಸ್ರು ಕೇಳಾರ?"

ರುದ್ರಮ್ಮನ ಹೊಲ ಊರಿನ ಆಚೆ, ಕಾಲುವೆ ದಾಟಿದ ಮೇಲೆ. ಗಂಡ ತೀರಿಹೋದ ಮೇಲೂ ಬೇಸಾಯ ಬಿಡದ ಗಟ್ಟಿ ಹೆಂಗಸು. ಅವಳೂ ಬದು ಹಾಕಿ ಹುಲ್ಲು ಬೆಳೆಸಿ ತಕಾವಿ ಎಮ್ಮೆಗೆ ಕೈಚಾಚಿದ್ದಳು. ಆದರೆ ಊರಿಗೆ ಬಂದದ್ದು ಒಂದೇ ಎಮ್ಮೆ, ಅದು ಶಿವಮಲ್ಲಪ್ಪನ ಪಾಲಾಗಿತ್ತು. ಅವಳ ಕೊಟ್ಟಿಗೆಯಲ್ಲಿ ಇದ್ದದ್ದು ಒಂದು ಮುದಿ ಎಮ್ಮೆ, ಅದು ಹಾಲು ಕೊಡುವುದನ್ನು ನಿಲ್ಲಿಸಿ ಉಪದೇಶ ಕೊಡುವ ವಯಸ್ಸಿಗೆ ಬಂದಿತ್ತು.

"ತಕ್ಕೊಂಡೋಗಪ್ಪ, ಉಲ್ ತಾನೆ, ಇನ್ನೊಂದ್ ಮಳೆಗೆ ಬತ್ತದೆ," ಎಂದಳು ರುದ್ರಮ್ಮ. "ಗುಂಡಿ ಬೀಳುಸ್ಬ್ಯಾಡಿ ಅಷ್ಟೆಯ."

"ಇಲ್ಲ ಕಣಕ್ಕ, ತೊಗಲು ಸುಲ್ದಂಗೆ ತೆಳ್ಳುಗೆ ಎಬ್ಬುಸ್ಕೋತೀವಿ."

"ಚನ್ನಾಜಿ ಒಂದಿನ ನಮ್ ಒಲುಕ್ಕೆ ಕಳೆ ಕೀಳಕ್ ಬರ್ಲಿ."

"ಬತ್ತಾಳೆ."

ಇಷ್ಟು ಸುಲಭವಾಗಿ ಕೆಲಸ ಆಯಿತಲ್ಲ ಎಂದು ಶಿವಮಲ್ಲಪ್ಪನಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಗುದ್ದಲಿ, ಮಂಕರಿ ಹಿಡಿದು ಅರ್ಧ ಊರು ನೆರೆಯಿತು. ಗಾಡಿ ಬಂತು. ಗಾಡಿಗೆ ಎತ್ತು ತನ್ನಿ ಎಂದು ಗುರುಮಲ್ಲಪ್ಪ ಹೇಳಿದ. ಯಾರೂ ಅಲುಗಲಿಲ್ಲ.

"ಇವತ್ತು ಸ್ವಾಮಾರ," ಎಂದಿತು ಗುಂಪಿನಲ್ಲಿ ಒಂದು ದನಿ.

ಆ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲ ಮೇಲೆ ಅಂದು ನೊಗ ಇಡುವವರಿಲ್ಲ. ಮನೆಗೆ ಬೆಂಕಿ ಬಿದ್ದರೂ ನೀರನ್ನು ತಲೆಯ ಮೇಲೆ ಹೊರಬೇಕೇ ಹೊರತು ಗಾಡಿಯಲ್ಲಿ ಅಲ್ಲ. ಬದುವಿನ ಉದ್ದಕ್ಕೆ ಬೇಕಾಗುವ ಹುಲ್ಲುಹೆಂಟೆಗಳನ್ನು ತಲೆಯ ಮೇಲೆ ಹೊತ್ತರೆ ಬುಧವಾರ ಸಂಜೆಗೆ ಮುಗಿಯುತ್ತಿತ್ತು.

ಎಲ್ಲರೂ ಸಪ್ಪಗೆ ನಿಂತಿದ್ದಾಗ ಗುರುಮಲ್ಲಪ್ಪ ನಿಧಾನವಾಗಿ ಕೇಳಿದ: "ಎತ್ತು ತಾನೆ ಊಡಬಾರ್ದು?"

ಎಲ್ಲರ ಕಣ್ಣೂ ತಕಾವಿಯ ಕಡೆ ತಿರುಗಿತು.

ಎಮ್ಮೆಗೆ ಸೋಮವಾರ ಉಂಟೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಯವರೆಗೆ ಹೆಮ್ಮಿಗೆಯಲ್ಲಿ ಎದ್ದಿರಲಿಲ್ಲ. ಎದ್ದ ಮೇಲೆ ಬೇಗ ಕೂರಲೂ ಇಲ್ಲ. ಮೂಕಪ್ರಾಣಿ ಎಂದರೆ ಎಲ್ಲಾ ಒಂದೇ ಎಂದರು ಕೆಲವರು. ಹಾಗಾದರೆ ಕತ್ತೆಗೂ ಸೋಮವಾರ ಬಿಡಬೇಕಲ್ಲ, ಅಗಸರ ಗತಿ ಏನು ಎಂದರು ಇನ್ನು ಕೆಲವರು. ಕೊನೆಗೆ ಎಲ್ಲರೂ ಮಠದ ಅಯ್ಯನವರ ಬಳಿಗೆ ಹೋದರು. ಅಯ್ಯನವರು ಪೂಜೆ ಮುಗಿಸಿ ಪ್ರಸಾದಕ್ಕೆ ಕೂರುವುದರಲ್ಲಿದ್ದರು. ಹಸಿದವರ ತೀರ್ಪು ಚುಟುಕಾಗಿರುತ್ತದೆ.

"ಬಸವಣ್ಣ ಶಿವನ ವಾಹನ. ಅವನಿಗೆ ಸೋಮವಾರ ಬಿಡುವು. ಎಮ್ಮೆ, ಕೋಣ ಎಲ್ಲ ಯಮನ ಕಡೆಯವು. ಯಮನಿಗೆ ವಾರದಲ್ಲಿ ಯಾವ ದಿನ ಬಿಡುವು ಅಂತ ನೀವು ಯಾರಾದ್ರೂ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ.

ಹಾಗೆ ತಕಾವಿಯನ್ನು ಒಂದು ಕಡೆಗೂ, ರುದ್ರಮ್ಮನ ಮುದಿ ಎಮ್ಮೆಯನ್ನು ಇನ್ನೊಂದು ಕಡೆಗೂ ಹೂಡಿದರು. ಮದುವೆಯಾಗಿ ಬಂದ ಮೊದಲ ದಿನವೇ ಅತ್ತೆ ಒನಕೆ ಕೈಗೆ ಕೊಟ್ಟಾಗ ಸೊಸೆ ನೋಡುವ ಹಾಗೆ ತಕಾವಿ ನೊಗವನ್ನು ನೋಡಿತು. ಆದರೂ ಎರಡು ಎಮ್ಮೆಗಳೂ ಬೇರೆ ಬೇರೆ ಊರಿಗೆ ಹೊರಟಂತೆ ಎಳೆದಾಡಿ, ನಡುವೆ ಇದ್ದ ಗಾಡಿಯನ್ನು ಹೇಗೋ ರುದ್ರಮ್ಮನ ಹೊಲಕ್ಕೆ ಮುಟ್ಟಿಸಿದವು. ಹುಲ್ಲನ್ನು ಚಪ್ಪಟೆ ಹೆಂಟೆಗಳಾಗಿ ಎಬ್ಬಿಸಿ ಗಾಡಿಗೆ ತುಂಬಿದರು.

ಬೋಳಾದ ರುದ್ರಮ್ಮನ ಬದುವನ್ನು ಗುರುಮಲ್ಲಪ್ಪ ಹಿಂದೆ ಮುಂದೆ ನಡೆದು ಪರೀಕ್ಷೆ ಮಾಡಿದ.

"ಗುದ್ಲಿ ಗುರುತು ಕಾಣ್ತದೆ. ಸಾಯೇಬ್ರು ಈ ದಾರೀಲಿ ಬಂದ್ರೆ, ಇಲ್ಲಿ ಉಲ್ಲು ಎಲ್ಲೋಯ್ತು ಅಂತ ಕೇಳ್ತಾರೆ. ಅದುಕ್ಕೇ ಇದು ಮೇದಂಗೆ ಕಾಣ್ಬೇಕು. ರುದ್ರವ್ವಂಗೆ ಸಾಲ ಇಲ್ಲ, ಸೋಲ ಇಲ್ಲ. ಅವಳೆಮ್ಮೆ ಅವಳ ಬದ ಮೇದ್ರೆ ಯಾರಪ್ಪಂದೇನು ಓಯ್ತದೆ?"

ಅವನ ಮಾತಿನಂತೆ ಬದುವಿನ ಮೇಲೆ ಅಲ್ಲಲ್ಲಿ ಸಗಣಿ ಹಾಕಿಸಿ, ಗೊರಸಿನ ಗುರುತು ಮೂಡಿಸಿ, ಗಾಡಿ ಕೆಲಸ ಮುಗಿದ ಮೇಲೆ ಮುದಿ ಎಮ್ಮೆಯನ್ನು ತಂದು ಅದರ ಮೇಲೆಯೇ ಕಟ್ಟಬೇಕೆಂದು ತೀರ್ಮಾನವಾಯಿತು. ಇಷ್ಟು ಚೊಕ್ಕವಾಗಿ ಹೆಮ್ಮಿಗೆಯವರು ಅದುವರೆಗೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಗಾಡಿ ಹೊರಟಿತು. ಶಿವಮಲ್ಲಪ್ಪ ಹುಲ್ಲಿನ ಮೇಲೆ ಕುಳಿತು ಹೊಡೆಯುತ್ತಿದ್ದ. ದಾರಿಯಲ್ಲಿ ಕಾಲುವೆ ದಾಟಬೇಕು. ನೀರು ಮೊಣಕಾಲು ಮಟ್ಟ, ಎತ್ತುಗಳಿಗೆ ಅದು ಒಂದು ಲೆಕ್ಕವೇ ಅಲ್ಲ. ಆದರೆ ಇವು ಎತ್ತುಗಳಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಎರಡೂ ಎಮ್ಮೆಗಳು ಬೆಳಗಿನಿಂದ ಮೊದಲ ಸಲ ಒಮ್ಮತಕ್ಕೆ ಬಂದು, ಕಾಲುವೆಯ ನಡುವೆ ನಿಂತು, ಒಂದನ್ನೊಂದು ನೋಡಿ, ಹಾಗೇ ಮಲಗಿಬಿಟ್ಟವು. ಗಾಡಿಯ ಮೂಕಿ ಮುಂದಕ್ಕೆ ಬಾಗಿತು. ಶಿವಮಲ್ಲಪ್ಪ ಜಾರಿ ಕೆಸರಿನೊಳಗೆ ಬಿದ್ದು, ಎದ್ದಾಗ ಅವನ ಹೆತ್ತ ತಾಯಿಗೂ ಗುರುತು ಸಿಗದಂತೆ ಆಗಿದ್ದ.

ಅದೇ ಹೊತ್ತಿಗೆ ಜಟಕಾದ ಗೆಜ್ಜೆ ಕೇಳಿಸಿತು.

ಊರಿನವರೆಲ್ಲ ಕತ್ತಾಳೆ ಪೊದೆಯ ಹಿಂದೆ ಮಾಯವಾದರು. ದಡದ ಮೇಲೆ ಜಟಕಾ ನಿಂತಿತು. ಜರಿಪೇಟ, ಕರಿ ಕೋಟು, ಕೈಯಲ್ಲಿ ಕೊಡೆ ಹಿಡಿದ ಸಾಹೇಬರು ಇಣುಕಿದರು. ಮುದಿ ಎಮ್ಮೆ ಮೂಗಿನವರೆಗೆ ಮುಳುಗಿತ್ತು. ತಕಾವಿಯ ಸೊಟ್ಟ ಕೊಂಬು ಮಾತ್ರ ಬಾವುಟದ ಹಾಗೆ ನೀರಿನ ಮೇಲಿತ್ತು.

"ಏನಯ್ಯ ಅದು, ನೀರಿನಲ್ಲಿ ಗಾಡಿ ನಿಲ್ಲಿಸಿಕೊಂಡು ಏನು ಮಾಡ್ತಿದ್ದೀಯ?"

ಶಿವಮಲ್ಲಪ್ಪನ ತಲೆಯಲ್ಲಿದ್ದ ಬುದ್ಧಿಯೆಲ್ಲ ಹೆದರಿ ಓಡಿತು. ನಾಲಿಗೆ ಒಂದೇ ಉಳಿಯಿತು.

"ಉಲ್ಲು ತೊಳೀತಾ ಇವ್ನಿ ಬುದ್ಧಿ."

"ಹುಲ್ಲು ತೊಳೀತಾರೇನಯ್ಯ?"

"ನಮ್ಮೆಮ್ಮೆಗೆ ಮಣ್ಣು ಸೇರಕಿಲ್ಲ ಬುದ್ಧಿ."

ಸಾಹೇಬರು ಕೊಡೆಯ ತುದಿಯಿಂದ ನೊಗ ತೋರಿಸಿದರು. "ಗಾಡಿಗೆ ಎಮ್ಮೆ ಯಾಕೆ ಹೂಡಿದ್ದೀಯ?"

"ಇವತ್ತು ಸ್ವಾಮಾರ ಬುದ್ಧಿ."

ಸಾಹೇಬರು ಬೆಂಗಳೂರಿನ ಕಡೆಯಿಂದ ಹೊಸದಾಗಿ ಬಂದವರು. ಈ ಉತ್ತರವನ್ನು ಕೇಳಿ ಜಟಕಾದವನ ಮುಖ ನೋಡಿದರು. ಜಟಕಾದವನು ತನ್ನ ಹಣೆಯ ಪಕ್ಕಕ್ಕೆ ಬೆರಳಿಟ್ಟು ಒಂದು ಸುತ್ತು ತಿರುಗಿಸಿದ. ಸಾಹೇಬರ ದನಿ ಮೃದುವಾಯಿತು.

"ಇರಲಿ ಬಿಡಪ್ಪ. ಹೆಮ್ಮಿಗೆ ಶಿವಮಲ್ಲಪ್ಪನ ಹೊಲ ಯಾವ ಕಡೆ, ಗೊತ್ತಾ?"

ಶಿವಮಲ್ಲಪ್ಪನ ಬಲಗೈ ತಾನಾಗಿ ಮೇಲೆದ್ದು ತಲಕಾಡಿನ ಮರಳುಗುಡ್ಡಗಳ ಕಡೆ ತೋರಿಸಿತು.

ತಲಕಾಡಿನ ಮರಳಿನ ಮೇಲೆ ಜಟಕಾ ಹೋಗುವುದೆಂದರೆ ಹಿಟ್ಟಿನ ರಾಶಿಯ ಮೇಲೆ ಇರುವೆ ಹೋದ ಹಾಗೆ. ಮೊದಲ ದಿಬ್ಬದಲ್ಲಿ ಕುದುರೆ ನಿಂತಿತು. ಎರಡನೆಯದರಲ್ಲಿ ಚಕ್ರ ಹೂತಿತು. ಮೂರನೆಯ ದಿಬ್ಬವನ್ನು ಸಾಹೇಬರು ಜಟಕಾವನ್ನು ಹಿಂದಿನಿಂದ ನೂಕುತ್ತ ಹತ್ತಿದರು. ಕೊನೆಗೆ ಯಾರೋ ಹೆಂಗಸರು ದಾರಿ ಹೇಳಿ ವಾಪಸು ಕಳಿಸಿದರಂತೆ.

ಇತ್ತ ಕಾಲುವೆಯಲ್ಲಿ ರುದ್ರಮ್ಮ ಬಂದು, ದಡದ ಮೇಲೆ ನಿಂತು, ತನ್ನ ಮುದಿ ಎಮ್ಮೆಯ ವಂಶವನ್ನು ಅದರ ಅಜ್ಜಿಯಿಂದ ಹಿಡಿದು ಬೈದಳು. ಎಮ್ಮೆ ಎದ್ದಿತು. ಅದರ ಜೊತೆ ತಕಾವಿಯೂ, ಗಾಡಿಯೂ ಎದ್ದವು. ಹುಲ್ಲುಹೆಂಟೆಗಳಿಗೆ ನೀರು ಕುಡಿದು ಇನ್ನಷ್ಟು ಕಳೆ ಬಂದಿತ್ತು. ಊರೆಲ್ಲ ಸೇರಿ ಅವನ್ನು ಶಿವಮಲ್ಲಪ್ಪನ ಬದುವಿಗೆ ಹಂಚು ಹೊದಿಸಿದಂತೆ ಹೊದಿಸಿದರು. ಹೊತ್ತು ಇಳಿಯುವಾಗ ಬದು ಮದುವೆ ಚಪ್ಪರದ ಹಾಗೆ ಹಸಿರಾಗಿ ನಿಂತಿತ್ತು. ಮುದಿ ಎಮ್ಮೆ ರುದ್ರಮ್ಮನ ಬದುವಿಗೆ ಹೋಯಿತು. ಶಿವಮಲ್ಲಪ್ಪ ಮೈ ತೊಳೆದು ಬೇರೆ ಪಂಚೆ ಉಟ್ಟು ಮನುಷ್ಯನಾದ.

ಗುರುಮಲ್ಲಪ್ಪ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ.

"ಎಮ್ಮೆ ಉಲ್ ತಿಂತಾ ಅಂದ್ರೆ ಏನನ್ಬೇಕು?"

"ಉಲ್ಲಿನ್ ಮುಖಾನೇ ನೋಡಿಲ್ಲ."

"ಒಟ್ಟೆ ಯಾಕಿಷ್ಟು ದಪ್ಪ ಅಂದ್ರೆ?"

ಸಾಲು ತಕಾವಿಯ ಹೊಟ್ಟೆಯ ಕಡೆ ತಿರುಗಿ ನೋಡಿತು.

"ಗಬ್ಬ ಅನ್ಬೇಕು. ಗಬ್ಬ. ತಿಂದಿರಾದಲ್ಲ, ಒಳಗೆ ಕರ ಇರಾದು."

"ಸುಳ್ಳು ಜಾಸ್ತಿ ಆಗ್ತಾ ಅದೆ ಕಣಣ್ಣ," ಎಂದ ಶಿವಮಲ್ಲಪ್ಪ.

"ಉಪ್ಪು ಜಾಸ್ತಿ ಆದ್ರೆ ತಾನೆ ಕಷ್ಟ. ಸುಮ್ಕಿರು."

ಸಾಹೇಬರು ಬಂದರು. ಬೂಟಿನಿಂದ ಮರಳು ಸುರಿದುಕೊಂಡು, ಬದು ಹತ್ತಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರು. ಒಂದು ಕಡೆ ಅವರ ಕಾಲ ಕೆಳಗಿನ ಹೆಂಟೆ ಸ್ವಲ್ಪ ಸರಿಯಿತು. ಶಿವಮಲ್ಲಪ್ಪನ ಪ್ರಾಣ ಅದರ ಜೊತೆ ಅಷ್ಟೇ ದೂರ ಸರಿಯಿತು.

"ಎಳೇ ಬೇರು ಬುದ್ಧಿ," ಎಂದ ಗುರುಮಲ್ಲಪ್ಪ. "ಅತ್ತಿತ್ತ ಓಡಾಡ್ತಿರ್ತವೆ."

"ಹುಲ್ಲು ಚೆನ್ನಾಗಿದೆ," ಎಂದರು ಸಾಹೇಬರು. ಚನ್ನಾಜಮ್ಮ ಸೆರಗಿನೊಳಗೆ ಕೈ ಮುಗಿದಳು. "ತಾಲ್ಲೂಕಿನಲ್ಲಿ ಇಷ್ಟು ಹಸಿರು ಬದು ನಾನು ನೋಡಿಲ್ಲ. ಇದರಲ್ಲಿ ಎಮ್ಮೆಗೆ ಎಷ್ಟು ಹಾಕಿದೆ ಶಿವಮಲ್ಲಪ್ಪ?"

"ಒಂದ್ ಕಡ್ಡೀನೂ ಇಲ್ಲ ಬುದ್ಧಿ."

"ಒಂದು ಕಡ್ಡಿಯೂ ಇಲ್ಲವಾ?"

"ಉಲ್ಲಿನ್ ಮುಖಾನೇ ನೋಡಿಲ್ಲ," ಎಂದಿತು ಇಡೀ ಊರು, ಭಜನೆಯ ಪಲ್ಲವಿ ಹೇಳಿದಂತೆ.

"ಅದು ಈ ಕಡೆ ತಿರುಗಿದ್ರೆ ಶಿವಮಲ್ಲ ಮೂತಿ ಇಡ್ದು ಆ ಕಡೆ ತಿರುಗುಸ್ತಾನೆ ಬುದ್ಧಿ," ಎಂದ ಗುರುಮಲ್ಲಪ್ಪ. ಮೈಸೂರಿನ ಕೋರ್ಟಿನಲ್ಲಿ ಉಳಿದುಹೋಗಿದ್ದ ಮಾತು ಈಗ ದಾರಿ ಕಂಡಿತ್ತು. "ವರ್ಸೆಲ್ಲ ಒಣಗಿದ್ ಕಡ್ಡಿ ತಿನ್ಕಂಡು, ಈ ಉಲ್ಲುನ್ನ ದೂರದಿಂದ ವಾಸ್ನೆ ನೋಡಿ, ನಿಟ್ಟುಸ್ರು ಬುಟ್ಕಂಡು ಇರ್ತಿತ್ತು. ನಮ್ಗೇ ಕಣ್ಣೀರು ಬರಾದು. ಆದ್ರೂ ಶಿವಮಲ್ಲ ಕರುಗ್ಲಿಲ್ಲ. ಸರ್ಕಾರ ಅಂದ್ರೆ ಅಷ್ಟು ಭಕ್ತಿ."

ಸಾಹೇಬರು ಜರಿಪೇಟ ತೆಗೆದು, ತಲೆಯ ಮೇಲಿನ ಮರಳು ಒರೆಸಿಕೊಂಡರು.

"ಹೊಸ ಹುಕುಂ ಬಂದು ಒಂದು ವಾರ ಆಯಿತು. ಹುಲ್ಲು ಮುಟ್ಟಬೇಡಿ ಅಂತ ಹೇಳಿದ್ದೇ ತಪ್ಪಾಯಿತು ಅಂತ ಮೇಲಿನವರಿಗೆ ಈಗ ಗೊತ್ತಾಗಿದೆ. ಸುತ್ತಮುತ್ತ ಎಲ್ಲಿ ನೋಡಿದರೂ ಬದು ಹಸಿರಾಗಿದೆ, ಪಕ್ಕದಲ್ಲೇ ಎಮ್ಮೆ ಎಲುಬಿನ ಗೂಡಾಗಿದೆ. ಹಾಲು ಕರೆಯಲಿ ಅಂತ ಸರ್ಕಾರ ಎಮ್ಮೆ ಕೊಟ್ಟರೆ, ನೀವು ಅದಕ್ಕೆ ಉಪವಾಸ ಕಲಿಸಿದಿರಿ. ಬದುವಿನ ಹುಲ್ಲು ಯಾರು ಎಮ್ಮೆಗೆ ಮೇಯಿಸಿದ್ದಾರೋ ಅವರ ಹತ್ತಿರ ಎಮ್ಮೆ ಉಳೀತದೆ. ಯಾರು ಹೊಟ್ಟೆಗೆ ಹಾಕದೆ ಹುಲ್ಲು ಕೂಡಿಟ್ಟಿದ್ದಾರೋ, ಅವರ ಎಮ್ಮೆ ಇನ್ನೊಬ್ಬರಿಗೆ. ನಾನು ಬಂದದ್ದು ಅದನ್ನು ನೋಡೋದಕ್ಕೆ."

ಶಿವಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಬುದ್ಧಿ, ತಿಂದದೆ," ಎಂದ ಶಿವಮಲ್ಲಪ್ಪ. "ಇವತ್ತು ಬೆಳುಗ್ಗೆ ಈ ಬದುನೆಲ್ಲ ತಿಂದಾಕ್ಬುಟ್ಟದೆ."

"ಯಾವ ಬದುನ?"

"ಇದೇ ಬದುನ ಬುದ್ಧಿ. ಒಂದ್ ಕಡ್ಡಿ ಬುಟ್ಟಿಲ್ಲ."

ಸಾಹೇಬರು ಮೊಣಕಾಲೆತ್ತರ ಬೆಳೆದು ಓಲಾಡುತ್ತಿದ್ದ ಹುಲ್ಲನ್ನು ನೋಡಿದರು. ಆಮೇಲೆ ಗುರುಮಲ್ಲಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಇವನಿಗೆ ಆಗಾಗ ಹೀಗೆ ಆಗುತ್ತಾ?"

"ಈ ಉಲ್ಲು ಇಲ್ಲೀದಲ್ಲ ಬುದ್ಧಿ, ತಂದು ಒದುಸಿರಾದು. ಎತ್ತಿ ತೋರುಸ್ತೀನಿ ನೋಡಿ," ಎಂದು ಶಿವಮಲ್ಲಪ್ಪ ಬಗ್ಗಿ ಒಂದು ಹೆಂಟೆಗೆ ಕೈ ಹಾಕಿದ. ಆದರೆ ಬೆಳಗಿನಿಂದ ಅವನಿಗಾಗಿ ಬೆವರು ಸುರಿಸಿದ ಊರು ಅಷ್ಟು ಬೇಗ ಕೈಬಿಡುವಂಥದ್ದಲ್ಲ. ಅವನಿಗೆ ಹೆದರಿಕೆಯಿಂದ ಬಾಯಿ ತಪ್ಪಿದೆ ಎಂದುಕೊಂಡು ಗುರುಮಲ್ಲಪ್ಪ ಓಡಿ ಬಂದು ಆ ಹೆಂಟೆಯ ಮೇಲೆ ಎರಡೂ ಕಾಲಿಟ್ಟು ನಿಂತ. ಶಿವಮಲ್ಲಪ್ಪ ಪಕ್ಕದ ಹೆಂಟೆಗೆ ಕೈ ಹಾಕಿದ. ಅದರ ಮೇಲೆ ಇನ್ನೊಬ್ಬ ನಿಂತ. ನೋಡುತ್ತಿದ್ದಂತೆ ಬದುವಿನ ಈ ತುದಿಯಿಂದ ಆ ತುದಿಯವರೆಗೆ ಹೆಂಟೆಗೊಬ್ಬರಂತೆ ಹೆಮ್ಮಿಗೆ ನಿಂತಿತು. ಒಂದು ಕಡ್ಡಿಯೂ ಮೇಲೇಳಲಿಲ್ಲ.

"ಬೇರು ಭದ್ರವಾಗಿದೆ," ಎಂದರು ಸಾಹೇಬರು.

"ಅದ್ರ ಒಟ್ಟೆ ನೋಡಿ ಬುದ್ಧಿ," ಶಿವಮಲ್ಲಪ್ಪ ಕೈಮುಗಿದು ಬೇಡಿದ. "ಉಪಾಸ ಇರೋ ಎಮ್ಮೆ ಒಟ್ಟೆ ಇಂಗಿರ್ತದಾ?"

ಸಾಹೇಬರು ತಕಾವಿಯ ಸುತ್ತ ಬಂದರು. ಹೊಟ್ಟೆ ನಿಜಕ್ಕೂ ದೊಡ್ಡದಾಗಿತ್ತು. ಅವರ ಹುಬ್ಬು ಸಡಿಲವಾಗತೊಡಗಿತ್ತು. ಅಷ್ಟರಲ್ಲಿ ಗುರುಮಲ್ಲಪ್ಪ, ಹೇಳಿಕೊಟ್ಟ ಪಾಠವನ್ನು ತಾನೇ ಮರೆಯಬಾರದೆಂದು, ಗಂಟಲು ಸರಿಮಾಡಿಕೊಂಡು ಹೇಳಿಬಿಟ್ಟ:

"ಅದು ತಿಂದಿರಾದಲ್ಲ ಬುದ್ಧಿ. ಗಬ್ಬ."

"ಗಬ್ಬ," ಎಂದಿತು ಬದುವಿನ ಉದ್ದಕ್ಕೂ ನಿಂತಿದ್ದ ಊರು.

ಸಾಹೇಬರ ಮುಖ ಕೆಂಪಾಯಿತು. "ಗಬ್ಬದ ಎಮ್ಮೆಯನ್ನು ಉಪವಾಸ ಹಾಕಿದ್ದೀಯಾ?" ಎನ್ನುತ್ತ ಇನ್ನೂ ಹತ್ತಿರ ಹೋದವರು ಫಕ್ಕನೆ ನಿಂತರು. "ತಾಳು. ಈ ಸೊಟ್ಟ ಕೊಂಬು ನಾನು ನೋಡಿದ್ದೀನಿ. ಮಧ್ಯಾಹ್ನ ಕಾಲುವೆಯಲ್ಲಿ ಗಾಡಿಗೆ ಹೂಡಿದ್ದದ್ದು ಇದೇ ಎಮ್ಮೆ. ಗಾಡಿ ಹೊಡೆಯುತ್ತಿದ್ದವನು ಯಾರು?"

ಶಿವಮಲ್ಲಪ್ಪ ಬಾಯಿ ತೆರೆಯುವ ಮೊದಲೇ ಗುರುಮಲ್ಲಪ್ಪ ಅವನನ್ನು ಉಳಿಸಿದ.

"ಅಂವ ಊರೋನಲ್ಲ ಬುದ್ಧಿ. ಒಬ್ಬ ಉಚ್ಚ. ಎಲ್ಲಿಂದ್ಲೋ ಬತ್ತಾನೆ, ಓಯ್ತಾನೆ."

"ಒಣಕಡ್ಡಿ ಹಾಕಿ, ಗಬ್ಬದ ಎಮ್ಮೆಯನ್ನು ಹುಚ್ಚನ ಕೈಗೆ ಕೊಟ್ಟು ಗಾಡಿ ಹೊಡೆಸಿದ್ದೀಯ," ಎಂದರು ಸಾಹೇಬರು.  ಮುಂದಿನ ಮಾತು ತೀರ್ಪಾಗಿ ಹೊರಟಿತು.

"ಬರುವ ದಾರಿಯಲ್ಲಿ, ಕಾಲುವೆ ಆಚೆ, ಒಬ್ಬ ಹೆಂಗಸಿನ ಬದು ನೋಡಿದೆ. ಹುಲ್ಲನ್ನು ಬುಡದವರೆಗೆ ಮೇಯಿಸಿದ್ದಾಳೆ. ಎಲ್ಲೆಲ್ಲೂ ಸಗಣಿ. ಹಾಲಿಲ್ಲದ ಮುದಿ ಎಮ್ಮೆ, ಅದನ್ನೂ ಬದುವಿನ ಮೇಲೇ ಕಟ್ಟಿ ಮೇಯಿಸ್ತಿದ್ದಾಳೆ. ದನ ಸಾಕೋದು ಅಂದರೆ ಅದು. ಈ ಎಮ್ಮೆ ಇವತ್ತೇ ಅವಳ ಮನೆಗೆ ಹೋಗಲಿ. ಆ ಬಡವಿ ಬದುವಿನಲ್ಲಿ ಈಗ ಹುಲ್ಲು ಉಳಿದಿಲ್ಲ. ಅದಕ್ಕೆ, ಶಿವಮಲ್ಲಪ್ಪ, ನೀನು ಕೂಡಿಟ್ಟ ಹುಲ್ಲನ್ನು ಕೊಯ್ದು ದಿನಾ ಒಂದು ಹೊರೆ ಅಲ್ಲಿಗೆ ಹೊತ್ತು ಹಾಕಬೇಕು. ಎಮ್ಮೆ ಕರು ಹಾಕುವವರೆಗೆ."

ಜಟಕಾ ಹೊರಟುಹೋದ ಮೇಲೂ ಊರು ಸ್ವಲ್ಪ ಹೊತ್ತು ಹೆಂಟೆಗಳ ಮೇಲೆಯೇ ನಿಂತಿತ್ತು, ಇಳಿಯಬೇಕೋ ಬೇಡವೋ ಗೊತ್ತಾಗದೆ.

"ನಮ್ಮಿಂದ ಏನಾರ ಕಮ್ಮಿ ಆಯ್ತಾ ಚನ್ನಾಜಿ?" ಎಂದು ಗುರುಮಲ್ಲಪ್ಪ ನೊಂದ ದನಿಯಲ್ಲಿ ಕೇಳಿದ. "ಒಬ್ರಾದ್ರೂ ಏಳ್ಕೊಟ್ಟ ಮಾತು ತಪ್ಪುದ್ರಾ?"

"ಇಲ್ಲ ಕಣಣ್ಣ," ಎಂದಳು ಚನ್ನಾಜಮ್ಮ. "ಒಬ್ರು ತಪ್ಪಿದ್ರೂ ಎಮ್ಮೆ ಉಳೀತಿತ್ತು."

ಬೇರು ಇಳಿಯದ ಹುಲ್ಲು ಸಂಜೆಗೇ ತಲೆ ಬಗ್ಗಿಸಿತ್ತು. ಇದ್ದುದರಲ್ಲಿ ಹಸಿರು ಕಂಡದ್ದನ್ನು ಕೊಯ್ದು ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಶಿವಮಲ್ಲಪ್ಪ ಕಾಲುವೆ ದಾಟಿ ರುದ್ರಮ್ಮನ ಕೊಟ್ಟಿಗೆಗೆ ಹೋದ. ತಕಾವಿ ಹೊರೆಯನ್ನು ಮೂಸಿ ಮುಖ ತಿರುಗಿಸಿತು. ಅದಕ್ಕೆ ಹಸಿವೇ ಇರಲಿಲ್ಲ.

ರುದ್ರಮ್ಮ ಎಮ್ಮೆಯ ಹೊಟ್ಟೆಯನ್ನು ಪ್ರೀತಿಯಿಂದ ಸವರಿ, ಅತ್ತ ಒತ್ತಿ, ಇತ್ತ ಒತ್ತಿ, ಶಿವಮಲ್ಲಪ್ಪನ ಕಡೆ ನೋಡಿದಳು.

"ಗಬ್ಬ ಅಂದ್ರಲ್ಲಪ್ಪ. ಯಾವಾಗ ಈಯ್ತದೆ ಇದು?"

ಶಿವಮಲ್ಲಪ್ಪ ತಲೆಯ ಮೇಲಿನ ಸಿಂಬಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಗುರುಮಲ್ಲಣ್ಣನ್ನೇ ಕೇಳ್ಬೇಕಕ್ಕ," ಎಂದ.